ಅತ್ತೆಯ ಮುಂದೆ ಹಾಕಬಾರದಿದ್ದ ಸಿನಿಮಾ

ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನ ಇದೆ ಅನ್ನುವಾಗ ನಮ್ಮ ಶಾಲೆಯ ಟೀಚರುಗಳು ನನ್ನ ಬೆನ್ನು ಹತ್ತುತ್ತಾರೆ. ಸತ್ತ ಹಿರಿಯರು ಮನೆಗೆ ಬಂದು ಹೋಗುವ ದಿನಗಳು ಅಂತ ನಂಬಿಕೆ. ಹಾಗಾಗಿ ದೆವ್ವದ ಸಿನಿಮಾ ನೋಡಲು ಇದೇ ಸುಗ್ಗಿ. ಯಾವುದು ನೋಡಬೇಕು ಅಂತ ಹೇಳುವ ಪಟ್ಟವನ್ನು ಕೊಟ್ಟೂರಿನಲ್ಲಿ ನನಗೆ ಯಾರು ಕಟ್ಟಿದರೋ ಗೊತ್ತಿಲ್ಲ, ಬಿಟ್ಟುಕೊಡಲು ಮನಸ್ಸೂ ಇಲ್ಲ.

ನನ್ನದು ಒಂದೇ ಹಟ. ಎಲ್ಲರೂ ನೋಡಿದ್ದನ್ನು ನಾನು ಹೇಳುವುದಿಲ್ಲ. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು... ಥೂ, ಅದಕ್ಕೆ ನಾಲ್ಕನೇ ಕ್ಲಾಸಿನ ಮಕ್ಕಳೂ ನಗುತ್ತಾರೆ. ಭಯವೆಲ್ಲ ಮನುಷ್ಯರ ತಲೆಯೊಳಗೇ ಇರುವ, ಯಾರೂ ಹೆಸರು ಕೇಳಿರದ ಸಿನಿಮಾ ಹುಡುಕಿ ಕೊಡುತ್ತೇನೆ. ಇಟ್ಟಿಗಿಯ ಗೆಳತಿಯೊಬ್ಬಳು ಪ್ರತಿ ವರ್ಷ ಬೈಯುತ್ತಾಳೆ: "ಎರಡು ತಾಸು ಕುಂತ್ನೆಲೇ, ಒಂದು ದೆವ್ವಾನೂ ಬರಲಿಲ್ಲ. ಆದ್ರ ಅವತ್ತಿಂದ ನನ್ನ ಗಂಡನ ಮ್ಯಾಲೇ ಸಂಶಯ ಬಂದೈತಿ ನೋಡು!"

ಹೋದ ವರ್ಷ ಹೇಳಿದ್ದರಲ್ಲಿ ಒಂದು ಹೀಗಿತ್ತು: ಒಂದು ಮನೆ, ಒಬ್ಬ ಮುದುಕಿ, ಅವಳಿಗೆ ಗಂಜಿ ತರುವ ಮಗಳು. ಇವಳು ತನ್ನ ಮಗಳೇ ಅಲ್ಲ, ಮಗಳ ಹಾಗೆ ಕಾಣುವ ಬೇರೆ ಯಾರೋ ಅಂತ ಮುದುಕಿಗೆ ಅನುಮಾನ. ಕೊನೆತನಕ ಯಾರನ್ನು ನಂಬಬೇಕೋ ನಮಗೂ ತಿಳಿಯುವುದಿಲ್ಲ. ನಾನು ಟೀವಿಯಲ್ಲಿ ನೋಡುವಾಗ ಅತ್ತೆಯೂ ಹಿಂದೆ ಶೇಂಗಾ ಸುಲಿಯುತ್ತ ಕೂತಿದ್ದರು. ಭಾಷೆ ತಿಳಿಯದಿದ್ದರೂ ಕಣ್ಣು ತೆಗೆಯಲಿಲ್ಲ. "ಆ ಗಂಜಿ ಕುಡಿಬ್ಯಾಡಬೇ!" ಅಂತ ಮುದುಕಿಗೆ ಕೂಗಿಯೂ ಹೇಳಿದರು. ನಾನು ಬಿದ್ದು ಬಿದ್ದು ನಕ್ಕೆ.

ಸಂಕ್ರಾಂತಿ ಹೊತ್ತಿಗೆ ಅತ್ತೆ ನನ್ನ ಕೈಯ ಊಟ ಬಿಟ್ಟರು. ತಟ್ಟೆ ಇಟ್ಟರೆ, "ಮೊದ್ಲು ನೀ ಒಂದು ತುತ್ತು ಉಣ್ಣು" ಅನ್ನುವರು. ಹೊಸಪೇಟೆಯ ಡಾಕ್ಟರು ಇದು ಮರೆವಿನ ಕಾಯಿಲೆ, ಅನುಮಾನವೂ ಅದರದೇ ಅಂದರು. ನನ್ನ ಗಂಡ ಮಾತ್ರ, "ಎಲ್ಲಾ ನಿನ್ನ ಸಿನಿಮಾದಿಂದ ಆಗೈತಿ" ಅಂದ. ಸಿಟ್ಟು ನೆತ್ತಿಗೇರಿತು. ಆದರೆ ಅದು ಸುಳ್ಳು ಅಂತ ಎದೆ ತಟ್ಟಿ ಹೇಳುವ ಧೈರ್ಯ ನನಗಿರಲಿಲ್ಲ. ದಿನಾ ಅವರ ತಟ್ಟೆಯಿಂದ ಒಂದು ತುತ್ತು ತಿಂದು ತೋರಿಸುತ್ತಿದ್ದೆ. ತೋರಿಸದಿದ್ದರೆ ಉಪವಾಸ. ಅವರ ಮೈಯ ಮೂಳೆಗಳೆಲ್ಲ ಎದ್ದು ಕಾಣುತ್ತಿದ್ದವು.

ಈ ವರ್ಷ ಟೀಚರುಗಳು ಮತ್ತೆ ಕೇಳಿದರು. ಆ ಸಿನಿಮಾವನ್ನೇ ಒಬ್ಬಳೇ ಕೂತು ಇನ್ನೊಮ್ಮೆ ನೋಡಿದೆ. ಹೋದ ಸಲ ಗಂಜಿ ತರುವವಳ ಮೇಲೇ ಕಣ್ಣಿಟ್ಟಿದ್ದೆ. ಈ ಸಲ ಮುದುಕಿಯ ಕೈ ನಡುಗುವುದು ಕಂಡಿತು. ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಗೆಳತಿಗೆ, "ಈ ಸಲ ಏನೂ ಇಲ್ಲ, ಸೀರಿಯಲ್ ನೋಡು ಹೋಗು" ಅಂದೆ.

ಅಮಾವಾಸ್ಯೆ ದಿನ ಹೋಳಿಗೆ, ಬದನೆಕಾಯಿ ಪಲ್ಯ, ಅನ್ನ, ಸಾರು ಮಾಡಿ, ತೀರಿಹೋದ ಮಾವನ ಫೋಟೋ ಮುಂದೆ ಎಡೆ ಇಡಲು ತಟ್ಟೆ ಎತ್ತಿಕೊಂಡೆ. ಹಿರಿಯರಿಗೆ ಇಡುವ ಮುಂಚೆ ಯಾರೂ ಉಪ್ಪು ಸಹ ನೋಡುವಂತಿಲ್ಲ, ನೋಡಿದರೆ ಎಂಜಲು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಎಡೆಗೆಂದು ಹಿಂದಿನ ದಿನದಿಂದ ನಾನು ಉಪವಾಸವಿದ್ದೆ; ತುತ್ತು ತಿಂದು ತೋರಿಸದ ಕಾರಣ ಅವರೂ ಏನೂ ತಿಂದಿರಲಿಲ್ಲ.

"ಅವರಿಗೂ ಏನರ ಹಾಕಿ ಕೊಡ್ತೀಯೇನು? ಮೊದ್ಲು ನೀ ಉಣ್ಣು."

"ಅತ್ತಿ, ಎಡಿ ಇನ್ನಾ ಇಟ್ಟಿಲ್ರಿ. ಮಾವಾರಿಗಿಂತ ಮೊದ್ಲು ನಾ ಹೆಂಗ ಉಣ್ಲಿ?"

"ಹಂಗಾರ ಏನೋ ಹಾಕೀದಿ."

ಪೂಜೆಗೆ ಕೂತಿದ್ದ ಗಂಡ, "ಮುಟ್ಟಬ್ಯಾಡ! ಅಪ್ಪನ ಎಡಿ ಐತಿ" ಅಂದ. ಅತ್ತೆಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. "ಮಾವಾರು ಚೂರು ಕಾಯ್ತಾರ ಬಿಡ್ರಿ" ಅಂದವಳೇ ಹೋಳಿಗೆ ಮುರಿದು ಬಾಯಿಗಿಟ್ಟೆ. ಗಂಡ ಮುಖ ತಿರುಗಿಸಿದ.

ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು. ನುಂಗಿದೆ. ವಿಷಕ್ಕೆ ನಾನು ಬಿದ್ದುಹೋಗುವೆನೇನೋ ಅಂತ ಸ್ವಲ್ಪ ಹೊತ್ತು ಕಾದರು. ಆಮೇಲೆ ಅಲ್ಲೇ ನೆಲಕ್ಕೆ ಕೂತು ಆ ತಟ್ಟೆಯಿಂದಲೇ ಗಬಗಬ ಉಂಡರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ತುತ್ತು ಕಲಸಿ ನನ್ನ ಬಾಯಿಗೂ ಇಟ್ಟರು. ಎಷ್ಟು ತಿಂಗಳಾಗಿತ್ತೋ ಅವರು ನನ್ನನ್ನು ಮುಟ್ಟಿ. ಅಳು ತಡೆಯಲಾಗಲಿಲ್ಲ.

ಅವರು ನನ್ನ ಕಿವಿಯ ಹತ್ತಿರ ಬಾಗಿದರು.

"ಲಗೂನ ಉಣ್ಣಬೇ ಯವ್ವಾ. ಯಾರ ಮಗಳೋ ಏನೋ, ಒಳ್ಳೇಕಿ ಅದಿ. ನನ್ನ ಸೊಸಿ ಬರೋದ್ರಾಗ ಮುಗಿಸಿಬಿಡು."

"ಹೂಂನ್ರಿ" ಅಂದೆ. ಬಾಯಿಗೆ ಬಂದಿದ್ದ 'ಅತ್ತಿ'ಯನ್ನು ನುಂಗಿಕೊಂಡು ಬೇಗ ಬೇಗ ಉಂಡೆ.