ಸೀಲ್ ಸಾಹೇಬರು ಕಂಪ್ಯೂಟರ್ ಕೊಂಡದ್ದು

ನಮ್ಮ ಮನೆಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ತಕ್ಕಡಿಯ ತಟ್ಟೆಯಡಿ ಅಯಸ್ಕಾಂತ ಅಂಟಿಸಿದವರನ್ನು, ತೂಕದ ಬಟ್ಟಿನ ತಳ ಕೊರೆದು ಸೀಸ ತೆಗೆದವರನ್ನು, ಪೆಟ್ರೋಲ್ ಪಂಪಿನ ಮೀಟರಿನ ಸೀಲು ಬಿಚ್ಚಿ ಮತ್ತೆ ಹೆಣೆದವರನ್ನು ಹಿಡಿದು ಹಿಡಿದು, ಅವರ ಕಣ್ಣಿಗೆ ಮನುಷ್ಯ ಎಂದರೆ ಇನ್ನೂ ಸಿಕ್ಕಿಬೀಳದ ಕಳ್ಳ ಎಂದೇ ಆಗಿಹೋಗಿದೆ. ನಮ್ಮ ಬೀದಿಯಲ್ಲಿ ಅವರಿಗೆ ಸೀಲ್ ಸಾಹೇಬರು ಎಂದೇ ಹೆಸರು. ನಿವೃತ್ತಿಯಾಗಿ ಮೂರು ವರ್ಷವಾದರೂ, ಔಷಧದ ಬಾಟಲಿಯ ಮುಚ್ಚಳದ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡದೆ ಒಂದು ಮಾತ್ರೆ ನುಂಗಿದವರಲ್ಲ. ತಂದ ತರಕಾರಿಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗುತ್ತಾರೆ. ತೂಕ ಸರಿಯಾಗಿದ್ದರೆ ಅವರಿಗೆ ಸಮಾಧಾನವಿಲ್ಲ, ಅಂಗಡಿಯವನು ಬೇರೆಲ್ಲೋ ಕೈಚಳಕ ತೋರಿಸಿದ್ದಾನೆ ಎಂದು ಯೋಚನೆಗೆ ಬೀಳುತ್ತಾರೆ.

ಇಂಥವರನ್ನು ಕಟ್ಟಿಕೊಂಡು ನಾನು ಕಂಪ್ಯೂಟರ್ ಕೊಳ್ಳಲು ಹೊರಟೆ.

ಮದುವೆಗೆ ಮೊದಲು ನಾನು ಕಟ್ಟಡದ ನಕ್ಷೆ ಬರೆಯುವ ಕಚೇರಿಯಲ್ಲಿದ್ದೆ. ಆಮೇಲೆ ಇವರ ವರ್ಗಾವಣೆಗಳ ಹಿಂದೆ ಗಂಟುಮೂಟೆ ಕಟ್ಟುವುದೇ ಕೆಲಸವಾಯಿತು. ಆರು ವರ್ಷದ ಹಿಂದೆ ಒಬ್ಬರು ಮನೆಯಿಂದಲೇ ನಕ್ಷೆ ಬರೆದುಕೊಡಿ ಎಂದು ಕೇಳಿದ್ದರು. ಇವರು ಆ ಕಂಪನಿ ಎಂಥದ್ದು, ನೋಂದಣಿ ಇದೆಯೋ ಇಲ್ಲವೋ, ಮಾಲೀಕ ಎಲ್ಲಿಯವನು ಎಂದು ಎಷ್ಟು ಜಾಲಾಡಿದರೆಂದರೆ, ಪಾಪ, ಅವರೇ ಹೆದರಿ ದೂರ ಸರಿದರು. ಆ ಸಿಟ್ಟು ನನ್ನಲ್ಲಿ ಆರಿರಲಿಲ್ಲ. ಈಗ ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಯೊಂದರ ಒಡತಿ ನನಗೆ ಮೂರು ಅಡುಗೆಮನೆಗಳ ಅಳತೆ ಕೊಟ್ಟು, "ಮುಂದಿನ ವಾರ ಶುಕ್ರವಾರ ಸಂಜೆ ಐದರೊಳಗೆ ಚಿತ್ರ ಕಳಿಸಿ. ಚೆನ್ನಾಗಿದ್ರೆ ಕೆಲಸ ನಿಮ್ದೇ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಇನ್ನೊಬ್ರು ಕಾಯ್ತಿದ್ದಾರೆ" ಎಂದಿದ್ದಳು. ಶುಕ್ರವಾರಕ್ಕೆ ಇನ್ನು ಹತ್ತು ದಿನವಿತ್ತು. ನನ್ನ ಹಳೆಯ ಲ್ಯಾಪ್‌ಟಾಪ್ ಒಂದು ಬಾಗಿಲಿನ ಚಿತ್ರ ತೋರಿಸುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ನನ್ನ ವಯಸ್ಸಿಗೆ ಇನ್ನೊಂದು ಕರೆ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲು ಹೋದ ಅಂಗಡಿ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ. ಸೂರಿನವರೆಗೂ ರಟ್ಟಿನ ಪೆಟ್ಟಿಗೆಗಳು. ಅಂಗಡಿಯವನು ನಲವತ್ತರ ಸಣಕಲ, ಕತ್ತಿನಲ್ಲಿ ದಾರ ಕಟ್ಟಿ ಸ್ಕ್ರೂಡ್ರೈವರ್ ನೇತುಹಾಕಿಕೊಂಡಿದ್ದ.

"ಏನು ಕೆಲಸಕ್ಕೆ ಮೇಡಂ?" ಎಂದ.

"ಅಡುಗೆಮನೆ ಚಿತ್ರ. ಬೆಳಕು ನೆರಳು ಎಲ್ಲಾ ನಿಜದ ಥರ ಬರ್ಬೇಕು."

"ಬರೀ ಕೆಲಸಾನಾ, ಇಲ್ಲಾ ಗೇಮೂ ಆಡ್ತಾರಾ ಮನೇಲಿ?"

"ಆಡ್ತಾರೆ."

ನಮ್ಮವರ ಕಿವಿ ನೆಟ್ಟಗಾಯಿತು. "ಯಾರು?"

"ನಾನೇ," ಎಂದೆ. ತಂಗಿಯ ಮನೆಗೆ ಹೋದಾಗಲೆಲ್ಲ ಕಾರ್ ರೇಸಿನ ಆಟ ಆಡಿ ಆಡಿ ನನಗೆ ಕೈ ಕುದುರಿತ್ತು. ತಿರುವಿನಲ್ಲಿ ಬ್ರೇಕ್ ಹಿಡಿಯದೆ ಹೋಗುವ ಸುಖ ಈ ಜನ್ಮದಲ್ಲಿ ಇನ್ನೆಲ್ಲೂ ಸಿಕ್ಕಿಲ್ಲ. ಅದನ್ನು ಇವರಿಗೆ ಹೇಳಿರಲಿಲ್ಲ, ಹೇಳಿದ್ದರೆ ತಂಗಿಯ ಮನೆಯ ಮೇಲೂ ತನಿಖೆ ನಡೆಯುತ್ತಿತ್ತು. ಇವರು ನನ್ನನ್ನೂ ಅಂಗಡಿಯವನನ್ನೂ ಒಂದೇ ಸಲ ನೋಡಿದರು. ಇಬ್ಬರೂ ಸೇರಿ ಮೊದಲೇ ಮಾತಾಡಿಕೊಂಡಿದ್ದೇವೆ ಎಂಬ ಗುಮಾನಿ ಅವರ ಮುಖದ ಮೇಲೆ ಬರೆದಿತ್ತು.

ಅಂಗಡಿಯವನು ನಾನು ಬರೆದುಕೊಂಡು ಬಂದಿದ್ದ ಬಿಡಿಭಾಗಗಳ ಪಟ್ಟಿ ನೋಡಿ ತಲೆಯಾಡಿಸಿದ. "ಇಷ್ಟು ದೊಡ್ಡ ಪ್ರೊಸೆಸರ್ ಬೇಡ. ಆರು ಕೋರಿಂದು ಸಾಕು. ಅಲ್ಲಿ ಉಳಿದಿದ್ದನ್ನ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ನಿಮ್ಮ ಚಿತ್ರಕ್ಕೂ ಆಟಕ್ಕೂ ಅದೇ ದುಡಿಯೋದು. ಗಾಜಿನ ಕ್ಯಾಬಿನೆಟ್ಟು, ಬಣ್ಣದ ಲೈಟು ಬೇಡ. ಗಾಳಿ ಆಡೋ ಸಾದಾ ಡಬ್ಬ ಸಾಕು. ಪವರ್ ಸಪ್ಲೈನಲ್ಲಿ ಮಾತ್ರ ಜಿಪುಣತನ ಮಾಡ್ಬೇಡಿ. ಪ್ರೊಸೆಸರ್ ತಣ್ಣಗಿಡೋಕೆ ಒಂದು ಒಳ್ಳೆ ಕೂಲರ್. ರ‍್ಯಾಮು ಈಗ ಎರಡು ಹಾಕಿ, ಇನ್ನೆರಡು ಜಾಗ ಖಾಲಿ ಇರ್ಲಿ, ಮುಂದೆ ಬೇಕಾದ್ರೆ ನೋಡೋಣ."

ನನಗೆ ಆ ಮಾತು ಹಿಡಿಸಿತು. ಮೆಟ್ಟಿಲಿಳಿಯುವಾಗ ಇವರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಕಮ್ಮೀದು ಸಾಕು ಅನ್ನೋ ಅಂಗಡಿಯವನನ್ನ ಮೂವತ್ತೆರಡು ವರ್ಷದಲ್ಲಿ ನಾನು ನೋಡಿಲ್ಲ. ಇದರಲ್ಲೇನೋ ಇದೆ."

"ಜಾಸ್ತೀದು ತಗೊಳ್ಳಿ ಅಂದಿದ್ರೆ?"

"ಆಗ್ಲೂ ಇರ್ತಿತ್ತು. ಆದ್ರೆ ಅದು ಗೊತ್ತಿರೋ ಮೋಸ."

ಆ ಗೊತ್ತಿಲ್ಲದ ಮೋಸವನ್ನು ಹುಡುಕಿಕೊಂಡು ಮತ್ತೆ ಐದು ದಿನ ಅಂಗಡಿ ಅಂಗಡಿ ಅಲೆದೆವು. ಒಂದು ಕಡೆ ಕುಣಿಯುವ ಲೈಟುಗಳು ಹೆಚ್ಚು, ಇನ್ನೊಂದು ಕಡೆ ಪವರ್ ಸಪ್ಲೈಯ ಮೇಲೆ ಯಾವ ಹೆಸರೂ ಇರಲಿಲ್ಲ. ಮತ್ತೊಂದು ಕಡೆ ಇವರು ಭೂತಗನ್ನಡಿ ತೆಗೆದ ಕೂಡಲೇ "ಊಟದ ಸಮಯ" ಎಂದು ಬಾಗಿಲು ಎಳೆದುಕೊಂಡರು. ದಿನಗಳು ಕೈಬಿಟ್ಟು ಹೋಗುತ್ತಿದ್ದವು. ಆಗಲೇ ನನ್ನೊಳಗೂ ಒಂದು ಹುಳ ಹೊಕ್ಕಿತು. ಇವರಿಗೆ ಅಂಗಡಿಯವರ ಮೇಲೆ ನಿಜವಾಗಿ ಅನುಮಾನವೋ, ಅಥವಾ ನನ್ನ ಕೆಲಸ ಶುರುವಾಗುವುದೇ ಬೇಡವೋ? ಹಿಂದಿನ ಸಲವೂ ಹೀಗೇ ಅಲ್ಲವೇ ಆಗಿದ್ದು? ಅಂದಿನಿಂದ ನಾನು ಇವರ ಮೇಲೆ ಕಣ್ಣಿಟ್ಟೆ. ಗಂಡನ ವಿದ್ಯೆಯನ್ನು ಗಂಡನ ಮೇಲೇ ಪ್ರಯೋಗಿಸಿದೆ ಎನ್ನಿ.

ಕೊನೆಗೆ ನಾನು ಹಟ ಹಿಡಿದು ಅದೇ ಮೊದಲ ಅಂಗಡಿಯಲ್ಲಿ ಎಲ್ಲ ಕೊಂಡೆ. ಜೋಡಿಸಿಕೊಡುತ್ತೇನೆ ಎಂದು ಅಂಗಡಿಯವನು ಹೇಳಿದ್ದಕ್ಕೆ ಇವರು ಒಪ್ಪಲಿಲ್ಲ. ಕಣ್ಮರೆಯಲ್ಲಿ ಹಳೆಯ ಸಾಮಾನು ತುರುಕುತ್ತಾರಂತೆ. ಎಂಟು ಪೆಟ್ಟಿಗೆ ಮನೆಗೆ ಬಂದವು. ಇವರು ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಪ್ರತಿ ಪೆಟ್ಟಿಗೆಯ ಸೀಲನ್ನು ಬಿಚ್ಚುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದರು, ಒಳಗಿನ ವಸ್ತುವಿನದೂ ತೆಗೆದರು. ಇದು ಇಲಾಖೆಯ ಪದ್ಧತಿ. ಪವರ್ ಸಪ್ಲೈಯ ಒಂದು ಸ್ಕ್ರೂ ಮೇಲೆ "ಇದನ್ನು ಕಿತ್ತರೆ ವಾರಂಟಿ ಇಲ್ಲ" ಎಂಬ ಚೀಟಿ ಅಂಟಿತ್ತು. ಅದನ್ನು ಕಂಡು ಇವರಿಗಾದ ಸಂತೋಷ ನಮ್ಮ ಮದುವೆಯ ದಿನವೂ ನಾನು ಕಂಡಿರಲಿಲ್ಲ.

"ನೋಡು, ಮರ್ಯಾದಸ್ಥ ಕಂಪನಿ," ಎಂದರು.

ಕೈಪಿಡಿಗಳನ್ನು ಓದಿ ಓದಿ ನಿಧಾನವಾಗಿ ಜೋಡಿಸಿದರು. ಕೈ ಮಾತ್ರ ಬಲು ನಾಜೂಕು, ಅದನ್ನು ಒಪ್ಪಬೇಕು. ನಾನು ಟಾರ್ಚ್ ಹಿಡಿದಿದ್ದೆ. ನಡುವೆ ಕಾರ್ಖಾನೆಯ ಒಡತಿಯ ಫೋನ್ ಬಂತೆಂದು ಎದ್ದುಹೋದೆ. ಮರಳುವಷ್ಟರಲ್ಲಿ ಪ್ರೊಸೆಸರ್ ಮೇಲೆ ಕೂಲರ್ ಕುಳಿತಾಗಿತ್ತು.

ಬುಧವಾರ ಬೆಳಿಗ್ಗೆ ಗುಂಡಿ ಒತ್ತಿದಾಗ ಪರದೆ ಬೆಳಗಿತು. ನನಗೆ ಕಣ್ಣೀರೇ ಬಂತು. ತಂತ್ರಾಂಶವೆಲ್ಲ ಹಾಕಿ ಮೊದಲ ಅಡುಗೆಮನೆಯ ಗೋಡೆ ಎಬ್ಬಿಸಿ, ಕಪಾಟು ಕೂರಿಸಿ, ಕಿಟಕಿಯಿಂದ ಬೆಳಕು ಬಿಡಲು ಹೊರಟೆ. ಎಂಟನೇ ನಿಮಿಷಕ್ಕೆ ಕಂಪ್ಯೂಟರ್ ಆರಿಹೋಯಿತು. ಮತ್ತೆ ಹಚ್ಚಿದೆ, ಏಳು ನಿಮಿಷ. ಇನ್ನೊಮ್ಮೆ ಹಚ್ಚಿದಾಗ ನಾಲ್ಕೇ ನಿಮಿಷ.

ಇವರು ಕುರ್ಚಿಯಲ್ಲಿ ಒರಗಿ ಕೈಕಟ್ಟಿದರು. "ನಾನು ಹೇಳಲಿಲ್ವಾ? ಹಳೇ ಪ್ರೊಸೆಸರ್‌ಗೆ ಹೊಸ ಪೆಟ್ಟಿಗೆ."

ಅವರ ದನಿಯಲ್ಲಿ ಗೆದ್ದ ಹಿಗ್ಗಿತ್ತು. ನನಗೆ ಮೈಯೆಲ್ಲ ಉರಿಯಿತು. "ನಿಮಗೀಗ ಸಮಾಧಾನ ಆಯ್ತಲ್ಲ?" ಎಂದೆ.

"ಅಂದ್ರೆ?"

"ಏನಿಲ್ಲ ಬಿಡಿ."

ಅವರು ನನ್ನ ಮುಖವನ್ನೇ ನೋಡಿದರು. ಆ ದಿನವೆಲ್ಲ ಅವರು ಫೋಟೊಗಳನ್ನು ಜೋಡಿಸುತ್ತ ಕುಳಿತರು, ನಾನು ಇವರೇ ಏನಾದರೂ ತಂತಿ ಸಡಿಲ ಬಿಟ್ಟಿದ್ದಾರೆಯೇ ಎಂದು ಕದ್ದು ಕದ್ದು ಡಬ್ಬದೊಳಗೆ ಇಣುಕಿದೆ. ಹೀಗೆ ನೋಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು, ಇಣುಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗುರುವಾರ ಬೆಳಿಗ್ಗೆ ಕಂಪ್ಯೂಟರನ್ನು ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಅಂಗಡಿಗೆ ಹೋದೆವು. ಅಲ್ಲಿ ಆಗಲೇ ಇಬ್ಬರು ಗಿರಾಕಿಗಳಿದ್ದರು. ಇವರು ಹಳೆಯ ಇನ್ಸ್‌ಪೆಕ್ಟರ್ ದನಿ ತೆಗೆದರು.

"ಬಳಸಿದ ಮಾಲನ್ನ ಹೊಸದು ಅಂತ ಮಾರ್ತೀರಾ? ನಿಮ್ಮಂಥೋರನ್ನ ಮೂವತ್ತೆರಡು ವರ್ಷ ನೋಡಿದ್ದೀನಿ ನಾನು."

ಗಿರಾಕಿಗಳಲ್ಲಿ ಒಬ್ಬ ತಾನು ಆರಿಸಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಮೆಟ್ಟಿಲಿಳಿದು ಹೋದ. ಅಂಗಡಿಯವನ ಮುಖ ಬಾಡಿತು. ಆದರೂ ಅವನು ಎದುರಾಡಲಿಲ್ಲ. "ಎಷ್ಟು ಹೊತ್ತಿಗೆ ಆಫ್ ಆಗುತ್ತೆ ಮೇಡಂ?" ಎಂದು ನನ್ನನ್ನು ಕೇಳಿದ.

"ಕೆಲಸ ಜೋರಾದ್ರೆ ಬೇಗ. ಸುಮ್ನಿದ್ರೆ ಏನೂ ಆಗಲ್ಲ."

"ಹಾಗಾದ್ರೆ ಬಿಸಿ ಆಗ್ತಿದೆ," ಎಂದ.

"ಕಥೆ ಬೇಡ. ಸಾಕ್ಷಿ ಇದೆ," ಎಂದು ಇವರು ಫೋನನ್ನು ಅವನ ಮುಂದೆ ಹಿಡಿದರು. ನಲವತ್ತೊಂದು ಫೋಟೊ. ಅಂಗಡಿಯವನು ತಾಳ್ಮೆಯಿಂದ ಒಂದೊಂದನ್ನೇ ಸರಿಸುತ್ತ ಹೋದ. ಇಪ್ಪತ್ತೇಳನೆಯದರಲ್ಲಿ ಅವನ ಬೆರಳು ನಿಂತಿತು. ಅದು ಕೂಲರಿನ ತಳ. ಮಿರುಗುವ ತಾಮ್ರದ ಮೇಲೆ ಒಂದು ತೆಳ್ಳನೆಯ ಪಾರದರ್ಶಕ ಹಾಳೆ, ಅದರ ಮೇಲೆ ಕೆಂಪಕ್ಷರ.

"ಇದನ್ನ ಕೂರಿಸೋ ಮುಂಚೆ ಈ ಹಾಳೆ ತೆಗೆದ್ರಾ ಸಾರ್?"

"ಸೀಲನ್ನ ಯಾಕೆ ತೆಗೀಲಿ? ವಾರಂಟಿ ಹೋಗಲ್ವಾ?"

"ಅದರ ಮೇಲೆ ತೆಗೀರಿ ಅಂತ ಬರೆದಿದೆಯಲ್ಲ ಸಾರ್. ಇದು ಅಡ್ಡ ಇದ್ರೆ ಪ್ರೊಸೆಸರ್ ಬಿಸಿ ಕೂಲರ್‌ಗೆ ದಾಟೋದೇ ಇಲ್ಲ."

"ಓದಿದೆ. ನಮ್ಮ ಕೈಯಿಂದ್ಲೇ ಸೀಲು ಕೀಳ್ಸಿ, ಆಮೇಲೆ ವಾರಂಟಿ ಇಲ್ಲ ಅನ್ನೋ ಕುತಂತ್ರ ಅದು." ಈ ಮಾತು ಮುಗಿಯುವಷ್ಟರಲ್ಲಿ ಇವರ ದನಿ ಕುಗ್ಗಿತ್ತು.

ಅಂಗಡಿಯವನು ಕತ್ತಿನ ಸ್ಕ್ರೂಡ್ರೈವರ್ ತೆಗೆದು ಕೂಲರ್ ಬಿಚ್ಚಿದ. ಹಾಳೆ ಅಲ್ಲೇ ಇತ್ತು, ಶಾಖಕ್ಕೆ ಸುಕ್ಕುಗಟ್ಟಿ, ಶಾಖ ದಾಟಿಸುವ ಬೂದುಬಣ್ಣದ ಪೇಸ್ಟ್ ಮೆತ್ತಿಕೊಂಡು. ಅವನು ಅದನ್ನು ಎರಡು ಬೆರಳಲ್ಲಿ ಎಳೆದು ಕೌಂಟರಿನ ಮೇಲಿಟ್ಟ. ನಗಲಿಲ್ಲ, ಹಂಗಿಸಲಿಲ್ಲ. ತಳ ಒರೆಸಿ, ಹೊಸ ಪೇಸ್ಟ್ ಹಚ್ಚಿ, ಮತ್ತೆ ಕೂರಿಸಿದ.

"ಜೋರಾಗಿ ದುಡಿಸಿ ನೋಡ್ಬೇಕು. ಒಂದು ಗೇಮ್ ಹಾಕ್ಲಾ ಮೇಡಂ?"

"ಕಾರ್ ರೇಸ್ ಇದ್ರೆ ಹಾಕಿ," ಎಂದೆ.

ಅರ್ಧ ಗಂಟೆಗೂ ಮೇಲೆ ಓಡಿಸಿದೆ. ಒಂದು ತಿರುವಿಗೂ ಬ್ರೇಕ್ ಹಿಡಿಯಲಿಲ್ಲ. ಉಳಿದಿದ್ದ ಗಿರಾಕಿ ಬಂದು ನನ್ನ ಹಿಂದೆ ನಿಂತು ನೋಡಿದ. ಕಂಪ್ಯೂಟರ್ ಸಣ್ಣ ಗಾಳಿಯ ಸದ್ದು ಮಾಡುತ್ತ ತಣ್ಣಗೆ ನಡೆಯಿತು. ಗೆದ್ದು ತಿರುಗಿ ನೋಡಿದರೆ ಇವರು ಆಟ ನೋಡುತ್ತಿರಲಿಲ್ಲ. ಕೌಂಟರಿನ ಮೂಲೆಯಲ್ಲಿ ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು, ತಲೆ ಬಗ್ಗಿಸಿ ಬರೆಯುತ್ತಿದ್ದರು. ಮೂವತ್ತೆರಡು ವರ್ಷ ಬರೆದದ್ದೇ, ಮಹಜರು.

ಮುಗಿಸಿ ಎದ್ದು ನಿಂತು ಆ ಗಿರಾಕಿಗೆ ಕೇಳುವಂತೆ ಓದಿದರು: "ವಶಪಡಿಸಿಕೊಂಡ ವಸ್ತು, ಪ್ಲಾಸ್ಟಿಕ್ ಹಾಳೆ, ಒಂದು. ಯಾರ ವಶದಿಂದ, ನಿವೃತ್ತ ಇನ್ಸ್‌ಪೆಕ್ಟರ್ ಆದ ನನ್ನಿಂದ. ಅಂಗಡಿಯವರು ಕೊಟ್ಟ ಮಾಲು ಹೊಸದು, ಸರಿಯಾದದ್ದು. ಅವರ ಮೇಲೆ ನಾನು ಹೊರಿಸಿದ ಆರೋಪ ಸುಳ್ಳು."

ಅಂಗಡಿಯವನು ಸ್ಕ್ರೂಡ್ರೈವರನ್ನು ಮತ್ತೆ ಕತ್ತಿಗೆ ಹಾಕಿಕೊಂಡ. "ಇರ್ಲಿ ಬಿಡಿ ಸಾರ್, ಎಷ್ಟೋ ಜನ ಹೀಗೇ ಮಾಡ್ತಾರೆ," ಎಂದ.

"ಎಷ್ಟೋ ಜನ ನಿಮ್ಮ ಗಿರಾಕೀನ ಓಡಿಸಲ್ಲ," ಎಂದರು ಇವರು. ಆಮೇಲೆ ಕಾಗದವನ್ನು ನನ್ನ ಕಡೆ ತಳ್ಳಿದರು. "ಸಾಕ್ಷಿ ಸಹಿ ಬೇಕು. ಓದಿ ಹಾಕು."

ಓದಿದೆ. ಅವರು ಗಟ್ಟಿಯಾಗಿ ಓದದ ಒಂದು ಸಾಲು ಕೆಳಗಿತ್ತು. "ಉದ್ದೇಶ: ಹೆಂಡತಿಯ ಯಂತ್ರ ಕೆಡಬಾರದೆಂಬ ಅತಿ ಎಚ್ಚರ. ಅವಳ ಕೆಲಸ ತಪ್ಪಿಸುವ ಉದ್ದೇಶವಿತ್ತೆಂದು ಅವಳಿಗೆ ಅನುಮಾನವಿದೆ. ಈ ಸಲ ಇರಲಿಲ್ಲ."

ಈ ಸಲ ಎಂಬ ಎರಡು ಪದಗಳ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಆರು ವರ್ಷ ಕೇಳಲಾರದೆ ನುಂಗಿಕೊಂಡಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಮುದ್ದಾದ ಸರ್ಕಾರಿ ಅಕ್ಷರದಲ್ಲಿ. ಸಿಟ್ಟು ಬರಬೇಕಿತ್ತು, ಬಂತು ಕೂಡ. ತಲೆಯೆತ್ತಿ ನೋಡಿದೆ. ಯಾರ ಮುಖವನ್ನಾದರೂ ದಿಟ್ಟಿಸಿ ಬೆವರಿಳಿಸುತ್ತಿದ್ದ ಮನುಷ್ಯ ನೆಲ ನೋಡುತ್ತಿದ್ದರು.

"ಹಿಂದಿನ ಸಲದ ವಿಚಾರಣೆ ಶನಿವಾರ," ಎಂದೆ. "ಶುಕ್ರವಾರದವರೆಗೆ ನನಗೆ ಬಿಡುವಿಲ್ಲ."

"ಹಾಜರಾಗ್ತೀನಿ," ಎಂದರು.

ನಾನು ಅವರ ಪೆನ್ನು ತೆಗೆದುಕೊಂಡು ಸಾಕ್ಷಿ ಎಂದಿದ್ದ ಕಡೆ ಸಹಿ ಹಾಕಿದೆ.