ಜಾಗ ಬಿಡದೆ ಆರುನೂರ ಅರವತ್ತು ಕಿಲೋಮೀಟರ್

ನೀವು ನಂಬುವುದಿಲ್ಲ ಬಿಡಿ. ನಂಬುವಂಥ ಮಾತೂ ಅಲ್ಲ ಇದು — ಒಂದು ಗೇಣೂ ಮುಂದೆ ಸರಿಯದ ಕಾರಿನಲ್ಲಿ ನಾನು ಆರುನೂರ ಅರವತ್ತು ಕಿಲೋಮೀಟರ್ ಓಡಿದ್ದೇನೆ. ಈರಣ್ಣ ಕಾಕಾ ಎಂಟು ತಿಂಗಳು ಕೂತು ಕಟ್ಟಿದ ಎಂಜಿನ್ ಕೆಡಿಸಿದವಳೂ ನಾನೇ. ತಪ್ಪು ತನ್ನ ಕೈಯದೇ ಎಂದು ಅವನು ನಂಬಿದ್ದಾನೆ. ನಾನು ನಂಬಲು ಬಿಟ್ಟೆ.

ಈರಣ್ಣ ಕಾಕಾ ಅಪ್ಪನ ತಮ್ಮ. ಕುಂದಗೋಳದಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಮಣ್ಣಿನ ಟ್ರ್ಯಾಕಿನ ರೇಸಿಗೆ ಇಳಿಯಬೇಕೆಂದು ಒಂದು ಹಳೆಯ ಸಣ್ಣ ಕಾರಿಗೆ ತಾನೇ ಎಂಜಿನ್ ಕಟ್ಟಿದ್ದ. ಅದು ಮೊದಲ ಸಲ ಗುಡುಗಿದ ದಿನ ಬಾಜೂ ಮನೆಯ ಎಮ್ಮೆ ಹಾಲು ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಎಮ್ಮೆಯ ಯಜಮಾನ ಬೈಯಲು ಬಂದವನು ಎಂಜಿನ್ ನೋಡುತ್ತ ಅಲ್ಲೇ ಚಹಾ ಕುಡಿದು ಹೋದ.

ಹೊಸ ಎಂಜಿನ್ನನ್ನು ಪಳಗಿಸದೆ ರೇಸಿಗೆ ಒಯ್ಯುವಂತಿಲ್ಲ. ನನಗಾಗ ಹದಿನೆಂಟು ತುಂಬಿ ಲೈಸೆನ್ಸ್ ಬಂದು ತಿಂಗಳಾಗಿತ್ತು. ಕಾಕಾ ಕೀಲಿ ನನ್ನ ಕೈಗಿಟ್ಟ.

“ರೇಣೀ, ಗಂಡ ಹುಡುಗರ ಕೈಯಾಗ ಕೊಟ್ರ ಮೊದಲನೇ ದಿನಾನ ಹರೀತಾರ. ನೀ ಸಮಾಧಾನದಾಕಿ. ಏಳನೂರು ಕಿಲೋಮೀಟರ್ ಓಡಿಸಿ ಕೊಡು. ಹೊಸ ಎತ್ತಿಗೆ ನೊಗಾ ಕಲಿಸಿದಂಗ ಇದು — ಒಮ್ಮೆಲೆ ಭಾರ ಹೇರಬ್ಯಾಡ, ಖಾಲಿನೂ ಬಿಡಬ್ಯಾಡ. ಏರಿಸು, ಇಳಿಸು. ಒಂದ ಸ್ಪೀಡಿನ್ಯಾಗ ಇಡಬ್ಯಾಡ.”

ಸಮಾಧಾನದಾಕಿ! ನಾನು! ಆ ಮಾತಿಗೇ ನಾನು ಉಬ್ಬಿಹೋದೆ.

ಮೊದಲ ದಿನ ಯರಗುಪ್ಪಿ ರಸ್ತೆಗೆ ಹೋದೆ. ಸೈಲೆನ್ಸರ್ ಗುಡುಗಿದರೆ ಹೊಲದಲ್ಲಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡುತ್ತಾರೆ — ನೋಡಿದರೆ ಗಾಡಿ ನಲವತ್ತರಲ್ಲಿ ತೆವಳುತ್ತಿದೆ. ಹಾಲಿನ ಗಾಡಿ ಮುಂದೆ ಹೋಯಿತು. ಹೊಟ್ಟು ಹೇರಿದ ಟ್ರ್ಯಾಕ್ಟರು ಮುಂದೆ ಹೋಯಿತು. ಆಮೇಲೆ ಸ್ಕೂಟಿಯ ಮೇಲೆ ಗೆಳತಿ ಶೈಲಾ ಬಂದಳು, ಕಿಟಕಿಯ ಬಾಜೂಕೇ ನಿಧಾನ ಮಾಡಿದಳು.

“ಲೇ ರೇಣಿ, ರೇಸಿನ ಗಾಡಿ ಅಂದಿದ್ದಿಯಲ್ಲ ಬೇ! ಹಗ್ಗಾ ಕಟ್ಟಿ ಜಗ್ಗಲೇನ?”

ನಲವತ್ತೇ ಕಿಲೋಮೀಟರಿಗೆ ನನ್ನ ಮಾನ ಹೋಯಿತು. ಉಳಿದ ಆರುನೂರ ಅರವತ್ತು —

ಕುಬಿಹಾಳದ ಕಡೆ ನಮ್ಮ ಹೊಲದಲ್ಲಿ ಒಂದು ತಗಡಿನ ಶೆಡ್ಡಿದೆ. ಮರುದಿನ ಕಾರನ್ನು ಅದರೊಳಗೆ ಹಾಕಿದೆ. ಮುಂದಿನ ಎರಡೂ ಗಾಲಿಗಳನ್ನು ಜ್ಯಾಕ್ ಹಚ್ಚಿ ಎತ್ತಿ, ಕೆಳಗೆ ಬೇವಿನ ದಿಮ್ಮಿ ಕೊಟ್ಟೆ. ಮೂರನೇ ಗೇರು ಹಾಕಿದೆ. ಗಾಲಿ ಗಾಳಿಯಲ್ಲೇ ತಿರುಗಿತು, ಮೀಟರು ಓಡಿತು! ಎಕ್ಸಲರೇಟರ್ ಮೇಲೆ ಅರಿವೆಯಲ್ಲಿ ಸುತ್ತಿದ ಬೆಲ್ಲದ ಪೆಂಟಿ ಇಟ್ಟೆ. ಮುಳ್ಳು ಎಂಬತ್ತಕ್ಕೆ ಹೋಯಿತು. ಒಂದು ತುಂಡು ಮುರಿದು ತಿಂದೆ — ಎಪ್ಪತ್ತು. ಇನ್ನೊಂದು ತಿಂದೆ — ಅರವತ್ತು. ಸರಿಯಾಗಿ ಐವತ್ತಕ್ಕೆ ಬರುವವರೆಗೆ ತಿಂದೆ. ಎಂಜಿನ್ ಟ್ಯೂನಿಂಗ್‌ಗೆ ಲ್ಯಾಪ್‌ಟಾಪ್ ಬೇಕು ಅನ್ನುವವರು ಬೆಲ್ಲ ನೋಡಿಲ್ಲ. ಎಂಜಿನ್ ಬಿಸಿಯಾಗಬಾರದೆಂದು ರಾಶಿ ತೂರುವ ಫ್ಯಾನನ್ನು ರೇಡಿಯೇಟರಿನ ಮುಂದೆ ಇಟ್ಟೆ. ನಾನು ಹೊರಸಿನ ಮೇಲೆ ಮಲಗಿ ಮೊಬೈಲ್ ನೋಡಿದೆ. ಕುರಿ ಕಾಯುವ ಅಜ್ಜ ಹಣಿಕಿ ಹಾಕಿ, “ಏನವಾ, ರಾಶಿ ಮಷಿನ್ ಏನು?” ಎಂದ. “ಹೌದ್ರೀ ಅಜ್ಜಾ,” ಎಂದೆ.

ಹೀಗೆ ನಾಲ್ಕು ದಿನ. ಸಂಜೆ ಹೊರಡುವ ಮುಂಚೆ ಎರೆಮಣ್ಣು ಕಲಸಿ ಮಡ್‌ಗಾರ್ಡಿಗೆ ಎರಚುತ್ತಿದ್ದೆ. ಕಾಕಾ ಪೆಟ್ರೋಲ್ ಮುಳ್ಳು ನೋಡಿ ಕುಣಿಯುವುದೊಂದು ಬಾಕಿ — “ಎಷ್ಟ್ ಕಮ್ಮಿ ಕುಡದೈತಿ ನೋಡು!” ಆಮೇಲೆ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದ: “ಹೇಳು, ಇವತ್ತ ಎಲ್ಲಿ ಹೋಗಿದ್ದಿ?” ನಾನು ಯಮನೂರಿಗೆ ಹೋದೆ, ದರ್ಗಾದ ಮುಂದೆ ಜನ ಗಾಡಿ ಸುತ್ತ ನೆರೆದರು, ಕಲಘಟಗಿ ಏರಿನಲ್ಲಿ ಬೆಣ್ಣೆಯ ಹಾಗೆ ಎಳೆಯಿತು... ಆ ಏರು ಬಂದಾಗ ಕಾಕಾನ ಬಲಗಾಲು ತಾನೇ ಕೆಳಗೆ ಒತ್ತುತ್ತಿತ್ತು. ಅದನ್ನು ನೋಡಿ ನಾನು ಇನ್ನೆರಡು ಏರು ಸೇರಿಸುತ್ತಿದ್ದೆ.

ಐದನೆಯ ದಿನ ಕಾಕಾ ಸ್ಟೀರಿಂಗ್ ಹಿಡಿದ. ನಾನು ಬಾಜೂಕೆ, ಮಡಿಲಲ್ಲಿ ಅವನ ಲ್ಯಾಪ್‌ಟಾಪು. ನೇರ ರಸ್ತೆ ಸಿಕ್ಕಾಗ ಪೂರ್ತಿ ತುಳಿದ. ಹಿಂದೆ ಎಂಥ ನೀಲಿ ಹೊಗೆ ಎದ್ದಿತೆಂದರೆ ಬೈಕಿನ ಮೇಲಿದ್ದ ಇಬ್ಬರು ಮಾಯವಾದರು; ಹೊರಗೆ ಬಂದಾಗ ಬೈಗುಳ ಮೊದಲು ಬಂತು. ನಾನು ನಗುತ್ತಿದ್ದೆ. ಕಾಕಾ ನಗಲಿಲ್ಲ.

ಗ್ಯಾರೇಜಿಗೆ ತಂದು ಎಂಜಿನ್ ಬಿಚ್ಚಿದ. ಸಿಲಿಂಡರಿನ ಒಳಗೋಡೆಗೆ ಅವನು ಕೈಯಾರೆ ಸಣ್ಣ ಗೀರು ಹಾಕಿದ್ದ. ಭಾರ ಎಳೆಯುವಾಗ ಪಿಸ್ಟನ್ ರಿಂಗುಗಳು ಆ ಗೀರಿಗೆ ಉಜ್ಜಿ ಕೂಡಬೇಕು. ಭಾರವೇ ಕಾಣದ ಎಂಜಿನ್ನಿನಲ್ಲಿ ಅವು ಕೂತಿರಲಿಲ್ಲ; ಎಣ್ಣೆ ಮೇಲೇರಿ ಉರಿದು ಹೊಗೆಯಾಗಿತ್ತು. ಗೋಡೆ ನುಣ್ಣಗೆ ಹೊಳೆಯುತ್ತಿತ್ತು.

“ಇದರಾಗ ಮೀಸಿ ತಿದ್ದಕೋಬಹುದು ನೋಡು,” ಎಂದ ಕಾಕಾ. ಬೆರಳಿಂದ ಗೋಡೆ ಸವರಿ, “ನೀ ಇಷ್ಟ್ ಚೊಲೋ ಓಡಿಸೀದಿ. ಗೀರು ನಾನ ಸರಿ ಹಾಕಿಲ್ಲ. ನನ್ನ ಕೈ ಕೆಟ್ಟಾವವಾ.”

ಆಗ ನಾನು ಹೇಳಿದ್ದೇನು ಗೊತ್ತೆ?

“ಇರ್ಲಿ ಬಿಡು ಕಾಕಾ. ಒಮ್ಮೊಮ್ಮೆ ಹಂಗಾಗತೈತಿ.”

ನಾನು ಅವನನ್ನು ಕ್ಷಮಿಸಿದೆ!

ಆಮೇಲಿನದೆಲ್ಲ ಸಂತೋಷವೇ. ಹುಬ್ಬಳ್ಳಿಯಲ್ಲಿ ಹೊಸದಾಗಿ ಗೀರು ಹಾಕಿಸಿ, ಹೊಸ ರಿಂಗು ಕೂಡಿಸಿ, ಈ ಸಲ ಕಾಕಾ ತಾನೇ ಪಳಗಿಸಿದ. ಮನೆಮಂದಿಯೆಲ್ಲ ಒಬ್ಬರ ಮೇಲೊಬ್ಬರು ಕೂತು ನಿಜವಾಗಿ ಯಮನೂರಿಗೆ ಹೋದೆವು. ಅವ್ವ ಮುಂದಿನ ಸೀಟಿನಲ್ಲಿ ಕೂತು ಹಾದಿಯಲ್ಲಿ ಸಿಕ್ಕವರಿಗೆಲ್ಲ ಕೈ ಮಾಡಿದಳು. ರೇಸಿನಲ್ಲಿ ಮೂರನೇ ನಂಬರ್. ನಾನು ಅರಚಿ ಅರಚಿ ಮೂರು ದಿನ ದನಿ ಕಳೆದುಕೊಂಡೆ.

ಆದರೆ ಆವತ್ತಿನಿಂದ ಕಾಕಾ ತಾನು ಗೀರು ಹಾಕುವುದನ್ನು ಬಿಟ್ಟಿದ್ದಾನೆ. ಒಂದೂವರೆ ವರ್ಷವಾಯಿತು. ಯಾರ ಎಂಜಿನ್ ಬಂದರೂ, “ನನ್ನ ಕೈ ಬ್ಯಾಡ,” ಎಂದು ಹುಬ್ಬಳ್ಳಿಗೆ ಕಳಿಸುತ್ತಾನೆ. ನಾಳೆ ಗೀರು ಹಾಕುವ ತನ್ನ ಮಷಿನ್ನನ್ನೇ ಮಾರುತ್ತಾನಂತೆ. ಕೊಳ್ಳುವವರು ಬೆಳಿಗ್ಗೆಯೇ ಬರುತ್ತಾರಂತೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಎರಡು ಸಲ ಹೋಗಿದ್ದೆ — ಎರಡು ಸಲವೂ ಬೇರೇನೋ ಜೋಕು ಹೇಳಿ ಬಂದೆ. ನನ್ನ ಬಾಯಿಗೆ ಅದೊಂದೇ ಗೊತ್ತು. ಇದನ್ನು ಬರೆಯುವಾಗಲೂ ನಡುನಡುವೆ ನಕ್ಕಿದ್ದೇನೆ, ಸುಳ್ಳೇಕೆ. ರಾತ್ರಿ ಊಟವಾದ ಮೇಲೆ ಕಾಕಾನಿಗೆ ಕೊಡೋಣ, ಇಲ್ಲವೇ ನಾಳೆ ಬೆಳಿಗ್ಗೆ —

“ಒಬ್ಬಾಕಿನ ಕುಂತು ಏನ್ ನಗಾಕತ್ತೀ ಬೇ?”

ಅವ್ವ. ಕೈಯಲ್ಲಿ ಪಲ್ಯದ ಸೌಟು. ನಾನು ಮುಚ್ಚಿಡುವ ಮೊದಲೇ ಮೇಲಿನ ಎರಡು ಹಾಳೆ ಎತ್ತಿಕೊಂಡಳು. ತುಟಿ ಅಲ್ಲಾಡಿಸುತ್ತ ಓದುತ್ತಿದ್ದಾಳೆ. ನಕ್ಕಳು. ಮತ್ತೂ ನಕ್ಕಳು. ಎರಡನೆಯ ಹಾಳೆಯ ಕೊನೆಗೆ, ನಾನು ಕಾಕಾನನ್ನು ಕ್ಷಮಿಸಿದಲ್ಲಿಗೆ ಬಂದು ನಿಂತಳು — ಈಗ ನಗುತ್ತಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಬಾಗಿಲಿಗೆ ಹೋಗಿ ಕೂಗಿದಳು.

“ಈರಣ್ಣಾ, ಊಟಾ ಆಮ್ಯಾಲೆ ಆತು. ಮೊದಲ ಇಲ್ಲೆ ಬಾ.”

“ಬಂದ್ನಿ ವೈನಿ.”

ಅಂಗಳದಲ್ಲಿ ಕಾಕಾ ಚಪ್ಪಲಿ ಬಿಡುತ್ತಿದ್ದಾನೆ. ಅವ್ವ ಉಳಿದ ಹಾಳೆಗೂ ಕೈ ಚಾಚಿ ನಿಂತಿದ್ದಾಳೆ. ಕೊಡುತ್ತೇನೆ.