ಕತ್ತಿ ಕೆಂಪಾಗದ ಮೈಲುತುತ್ತ

ಸ್ನೇಹಿತರೇ, ಅಡಿಕೆಯ ಕೊಳೆರೋಗಕ್ಕೆ ಹೊಡೆಯಲೆಂದು ತಂದಿದ್ದ ಮೈಲುತುತ್ತವನ್ನು ಇವತ್ತು ಕೊಪ್ಪದ ಅಂಗಡಿಗೇ ವಾಪಸ್ ಒಯ್ದೆ. ಅಂಗಡಿಯವರ ಎದುರೇ ನೀರಿನಲ್ಲಿ ಕರಗಿಸಿ ಕತ್ತಿ ಅದ್ದಿದೆ. ಅಸಲಿಯಾದರೆ ಕಬ್ಬಿಣಕ್ಕೆ ಅದರಲ್ಲಿರುವ ತಾಮ್ರದ ಕೆಂಪು ಹತ್ತಬೇಕು. ಐದು ನಿಮಿಷವಾದರೂ ಕತ್ತಿ ಇದ್ದ ಹಾಗೇ ಇತ್ತು.

"ಬಣ್ಣ ನೀಲಿನೇ ಇದೆಯಲ್ಲ ಮಾರಾಯ್ರೆ, ಇನ್ನೆಂತ ಬೇಕು?" ಎಂದರು.

"ಬಟ್ಟೆಗೆ ಹಾಕೋ ನೀಲಿಗೂ ಇದೇ ಬಣ್ಣ. ಅದನ್ನ ಹೊಡೆದ್ರೆ ಕೊಳೆ ನಿಲ್ತದಾ?" ಎಂದೆ.

ಅವರು ಒಳಗೆ ಹೋಗಿ ಇನ್ನೊಂದು ಚೀಲದಿಂದ ತಂದುಕೊಟ್ಟರು. ಅದರ ನೀರಿಗೆ ಅದ್ದಿದ ಕತ್ತಿ ನೋಡನೋಡುತ್ತಲೇ ಕೆಂಪಾಯಿತು.

"ಪರೀಕ್ಷೆ ಮಾಡೋರಿಗೆ ಅಂತ್ಲೇ ಇದನ್ನ ಬೇರೆ ಇಟ್ಟಿದೀನಿ. ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ನನ್ನನ್ನೇ ಗದರಿದರು.

ಮೈ ಉರಿದುಹೋಯಿತು. ಪರೀಕ್ಷೆ ಮಾಡದವರ ತೋಟ ಕೊಳೆತು ಹೋಗಲಿ ಎಂದೇ ತಾನೆ ಅರ್ಥ? ಇನ್ನು ಅಂಗಡಿಗೆ ಹೋಗುವಾಗ ಚೀಲ ಮರೆತರೂ ಕತ್ತಿ ಮರೆಯುವುದಿಲ್ಲ.